ಹಳೇ ಡಿ ಅಂಡ್ ಡಿ ಆಡಿದ ನಮ್ಮ ಜಿಲ್ಲೆಯವ್ರು ಯಾರಾದ್ರೂ ಇದೀರಾ? (ಶಿರಸಿ, ಕುಮಟಾ, ಕಾರವಾರ ಕಡೆ)

ಮೆತ್ತಿನಮನೆ_ಮಾಣಿ · ಶಿರಸಿ ಹತ್ರ

ಅಕ್ಕನ ಮಗ ಬೆಂಗಳೂರಲ್ಲಿ ಓದ್ತಾ ಇದಾನೆ, ಅಲ್ಲಿ ಯಾವುದೋ ಕೆಫೆಲಿ ಭಾನುವಾರ ಭಾನುವಾರ ಡಂಜನ್ಸ್ ಅಂಡ್ ಡ್ರಾಗನ್ಸ್ (ಡಿ ಅಂಡ್ ಡಿ, ಒಬ್ಬೊಬ್ರು ಒಂದೊಂದು ಪಾತ್ರ ಆಗಿ ದಾಳ ಹಾಕ್ತಾ ಕಥೆ ಕಟ್ಟೋ ಆಟ) ಆಡ್ತಾರಂತೆ. ದೀಪಾವಳಿಗೆ ಬಂದಾಗ ಅವನ ಪಾತ್ರದ ಬಗ್ಗೆ ಹೇಳಿದ್ದೇ ಹೇಳಿದ್ದು, ಅದರ ಅಪ್ಪ ಯಾರು, ಯಾಕೆ ಮನೆ ಬಿಟ್ಟು ಬಂತು, ಬೆನ್ನ ಮೇಲಿನ ಮಚ್ಚೆ ಎಂತದು, ಎಲ್ಲ. ಇದುವರೆಗೆ ನಿನ್ನ ಪಾತ್ರ ಎಷ್ಟು ಸತ್ತಿದೆ ತಮಾ ಅಂತ ಕೇಳ್ದೆ. ಅವ ನನ್ನ ಮುಖ ನೋಡ್ದ. ಒಂದೂ ಸತ್ತಿಲ್ವಂತೆ! ಆಟ ಶುರು ಮಾಡಿದಾಗಿಂದ ಅದೇ ಒಂದು ಪಾತ್ರ. ಹಿಟ್ ಪಾಯಿಂಟ್ (ಪಾತ್ರದ ಜೀವ ಎಷ್ಟು ಉಳಿದಿದೆ ಅನ್ನೋ ಲೆಕ್ಕ) ಸೊನ್ನೆಗೆ ಬಂದ್ರೂ ಡಿ20 (ಇಪ್ಪತ್ತು ಮುಖದ ದಾಳ) ಉರುಳಿಸ್ತಾ ಕೂತ್ಕೋಬೋದು, 10 ಅಥವಾ ಅದಕ್ಕಿಂತ ಮೇಲೆ ಮೂರು ಸಲ ಬಿದ್ರೆ ಬಚಾವು, ಅಷ್ಟರೊಳಗೆ ಪಕ್ಕದವ ಒಂದು ಮಂತ್ರ ಹೇಳಿದ್ರೆ ಎದ್ದು ಮತ್ತೆ ಕತ್ತಿ ಹಿಡೀಬೋದು ಅಂದ.

ನಮ್ಮ ಕಾಲದಲ್ಲಿ ಸೊನ್ನೆ ಅಂದ್ರೆ ಸೊನ್ನೆ. ಹಾಳೆ ಹರಿ, ಹೊಸ ಪಾತ್ರ ಬರಿ.

ನಾವು ಆಡಿದ್ದು 1983ರ ಕೆಂಪು ಪೆಟ್ಟಿಗೆಯ ಬೇಸಿಕ್ ಸೆಟ್, ಫ್ರಾಂಕ್ ಮೆಂಟ್ಜರ್ ಬರೆದಿದ್ದು. ಅಂದ್ರೆ ಪೆಟ್ಟಿಗೆ ನಾನು ನೋಡಿದ್ದೇ ಇಲ್ಲ, ನಮಗೆ ಸಿಕ್ಕಿದ್ದು ತೊಂಬತ್ತರ ದಶಕದಲ್ಲಿ, ಅಮೆರಿಕದಿಂದ ರಜೆಗೆ ಬಂದಿದ್ದ ನೆಂಟ್ರೊಬ್ರ ಪುಸ್ತಕದ ಜೆರಾಕ್ಸು. ಆಟಗಾರರದ್ದು 64 ಪುಟ, ಡಿಎಮ್ (ಆಟ ನಡೆಸೋನು) ಪುಸ್ತಕ 48 ಪುಟ, ಅಷ್ಟರಲ್ಲಿ ಪ್ರಪಂಚ ಮುಗೀತು. ಆಡ್ತಾ ಇದ್ದಿದ್ದು ಅಡಿಕೆ ಸುಲಿಯೋ ಟೈಮಲ್ಲಿ. ಶಿರಸಿ ಕಡೆಯವ್ರಿಗೆ ಗೊತ್ತಿರುತ್ತೆ, ಕೊನೆ ಕೊಯ್ಲು ಶುರುವಾದ್ರೆ ರಾತ್ರಿ ಊಟ ಮುಗ್ಸಿ ಎಲ್ಲ ಸಾಲಾಗಿ ಮೆಟ್ಟುಗತ್ತಿ ಮೇಲೆ ಕೂತ್ರೆ ಹನ್ನೆರಡು ಗಂಟೆವರೆಗೂ ಏಳೋ ಹಾಗಿಲ್ಲ, ಕೈ ಅದರ ಪಾಡಿಗೆ ಸುಲೀತಾ ಇರುತ್ತೆ ಬಾಯಿ ಖಾಲಿ. ಆ ಖಾಲಿ ಬಾಯಿಗೆ ಈ ಆಟ ಸರಿ ಹೊಂದಿತ್ತು. ದಾಳ ಹಾಕೋ ಕೆಲಸ ಮಾತ್ರ ತಂಗಿದು, ಯಾಕಂದ್ರೆ ನಮ್ಮ ಕೈ ತುಂಬ ಅಡಿಕೆ ಕರೆ, ಮುಟ್ಟಿದ್ದೆಲ್ಲ ಕಪ್ಪು. ಅವಳು ಒಂದು ಮೂಲೆಲಿ ಹರಿವಾಣ ಇಟ್ಕೊಂಡು ಕೂತು ದಾಳ ಬಿಟ್ಟು ನಂಬರ್ ಕೂಗ್ತಿದ್ಲು, ನಂಬ್ಕೋಬೇಕು ಅಷ್ಟೇ.

ನನ್ನ ಮೊದಲನೇ ಮ್ಯಾಜಿಕ್ ಯೂಸರ್‌ಗೆ, ಅಂದ್ರೆ ಮಾಂತ್ರಿಕನಿಗೆ, ನಾಲ್ಕು ಮುಖದ ಡಿ4 ಹಾಕಿದ್ರೆ ಬಂದಿದ್ದು 1. ಒಂದು ಹಿಟ್ ಪಾಯಿಂಟ್! ದಿನಕ್ಕೆ ಒಂದೇ ಮಂತ್ರ. ಪೆಟ್ಟಿಗೆ ಬೀಗದಲ್ಲಿ ವಿಷದ ಸೂಜಿ ಇತ್ತು, ಸೇವಿಂಗ್ ಥ್ರೋ (ಅಪಾಯದಿಂದ ಬಚಾವಾಗೋಕೆ ಹಾಕೋ ದಾಳ) ಬೀಳ್ಲಿಲ್ಲ, ಸತ್ತ. ಇನ್ನೂ ಅರ್ಧ ಬುಟ್ಟಿ ಅಡಿಕೆ ಉಳಿದಿತ್ತು. ಆ ಸಾವು ನಂಗೆ ಈಗ್ಲೂ ನೆನಪಿದೆ, ನಮ್ಮ ದೊಡ್ಡಪ್ಪ ಸುಲೀತಾ ಸುಲೀತಾ "ಸತ್ನಾ? ಛೇ, ಪಾಪ" ಅಂದಿದ್ದೂ ನೆನಪಿದೆ, ಅವ್ರಿಗೆ ಆಟದ ತಲೆ ಬುಡ ಗೊತ್ತಿರ್ಲಿಲ್ಲ.

ನನ್ನ ವಾದ ಇಷ್ಟೇ, ಸಾಯೋ ಭಯ ಇದ್ದಿದ್ದಕ್ಕೇ ಆ ಆಟ ನೆನಪಲ್ಲಿ ಉಳಿದಿದ್ದು. ಹೌದಾ ಅಲ್ವಾ ನೀವು ಹೇಳಿ.

ಬೈತಖೋಲ್_ಬೋಟು · ಕಾರವಾರ

ಅಯ್ಯೋ ಇಲ್ಲಿ ಇನ್ನೂ ಒಬ್ರು ಇದಾರೆ!! ನಾನೊಬ್ನೇ ಅಂದ್ಕೊಂಡಿದ್ದೆ

ನಮ್ಮ ಮಾಮ ಹಡಗಲ್ಲಿದ್ರು, ಅವ್ರು ಸಿಂಗಾಪುರದಿಂದ ತಂದಿದ್ದು. ಪೆಟ್ಟಿಗೆ ಸಮೇತ. ಒಳಗೆ ದಾಳದ ಜೊತೆ ಒಂದು ಮೇಣದ ಕಡ್ಡಿ ಇರುತ್ತೆ, ದಾಳದ ಮೇಲಿನ ಅಂಕಿಗೆ ಬಣ್ಣ ಇರಲ್ಲ, ನಾವೇ ಉಜ್ಜಿ ತುಂಬ್ಕೋಬೇಕು. ಕಾರವಾರದ ಸೆಖೆಗೆ ಆ ಮೇಣ ಬೆರಳಿಗೇ ಅಂಟ್ಕೊಂಡು ಬರೋದು. ಕೊನೆಗೆ ಡಿ8 ಒಂದು ಕಳೀತು, ಡಿ20ನ ನಮ್ಮ ಬೆಕ್ಕು ಎಲ್ಲಿಗೋ ಹೊತ್ಕೊಂಡು ಹೋಯ್ತು (ನಿಜ). ಆಮೇಲೆ ಚೀಟಿ. ಮದುವೆ ಕಾಗದ ಕತ್ತರಿಸಿ 1ರಿಂದ 20 ಬರ್ದು ಸ್ಟೀಲ್ ಲೋಟಕ್ಕೆ ಹಾಕಿ ಅಲ್ಲಾಡ್ಸಿ ತೆಗಿಯೋದು. ಇದನ್ನ ನಾವೇ ಕಂಡು ಹಿಡಿದಿದ್ದು ಅಂತ ಜಂಬ ಇತ್ತು, ನೋಡಿದ್ರೆ ಅಮೆರಿಕದಲ್ಲೇ 1979ರ ಸುಮಾರಿಗೆ ದಾಳ ಸಾಕಾಗ್ದೆ ಈ ಆಟ ಮಾಡ್ತಿದ್ದ ಟಿಎಸ್‌ಆರ್ ಕಂಪನಿನೇ ಪೆಟ್ಟಿಗೆ ಒಳಗೆ ನಂಬರ್ ಚೀಟಿ ಇಟ್ಟು ಮಾರಿತ್ತು, ಕತ್ತರಿಸಿ ಕಪ್ಪಿಗೆ ಹಾಕ್ಕೊಳ್ಳಿ ಅಂತ.

ಮಳೆಗಾಲದಲ್ಲಿ ಚೀಟಿ ಮೆತ್ತಗಾಗಿ ಒಂದಕ್ಕೊಂದು ಅಂಟ್ತಿತ್ತು. ನಮ್ಮ ಗ್ಯಾಂಗಲ್ಲಿ ಒಬ್ಬನಿಗೆ ಜುಲೈ ಅಷ್ಟೊತ್ತಿಗೆ 20ರ ಚೀಟಿ ಬೆರಳಲ್ಲೇ ಗೊತ್ತಾಗೋದು, ಅದರ ಒಂದು ಮೂಲೆ ಮಡಚಿತ್ತು. ಅವನ ಫೈಟರ್ (ಕತ್ತಿ ಹಿಡಿದು ಹೊಡೆದಾಡೋ ಪಾತ್ರ) ಹಾಕಿದ ಒಂದೂ ಏಟು ಆ ಸೀಸನ್ ಪೂರ್ತಿ ಗುರಿ ತಪ್ಪಲಿಲ್ಲ, ಈಗ ಅವ್ನು ಬ್ಯಾಂಕಲ್ಲಿದಾನೆ 😂

ಅಘನಾಶಿನಿ_ದಂಡೆ · ಕುಮಟಾ

ನಾವು ಕವಡೆ ಹಾಕ್ತಿದ್ವಿ ಡಿ20 ಬದ್ಲಿಗೆ! ಮನೇಲಿ ಚೌಕಾಬಾರದ ಕವಡೆ ಇತ್ತು, ಎಲ್ಲ ಸೇರ್ಸಿ ಇಪ್ಪತ್ತು ಕವಡೆ, ಎಷ್ಟು ಬಾಯಿ ಮೇಲೆ ಬಂತೋ ಅಷ್ಟು. ಮಸ್ತ್ ಸೌಂಡು.

ಲೆಕ್ಕದ_ಮಾಸ್ತರು · ಅಂಕೋಲಾ

@ಅಘನಾಶಿನಿ_ದಂಡೆ ತಂಗಿ, ಕ್ಷಮಿಸು, ಇದಕ್ಕೆ ಸುಮ್ನಿರೋಕಾಗಲ್ಲ. ಇಪ್ಪತ್ತು ಕವಡೆ ಎಣಿಸಿದ್ರೆ ಹೆಚ್ಚು ಸಲ 8ರಿಂದ 12ರೊಳಗೇ ಬರುತ್ತೆ. ಡಿ20ಲಿ 20 ಬೀಳೋದು ಇಪ್ಪತ್ತಕ್ಕೆ ಒಂದು ಸಲ. ನಿಮ್ಮ ಕವಡೆಲಿ ಇಪ್ಪತ್ತೂ ಬಾಯಿ ಮೇಲೆ ಬರ್ಬೇಕಂದ್ರೆ, ಕವಡೆ ಎರಡೂ ಕಡೆ ಸಮ ಅಂತ ಇಟ್ಕೊಂಡ್ರೂ, ಹತ್ತು ಲಕ್ಷಕ್ಕೆ ಸುಮಾರು ಒಂದು. ಅಂದ್ರೆ ನಿಮ್ಮ ಗುಂಪಲ್ಲಿ ಯಾರೂ ಕ್ರಿಟಿಕಲ್ (20 ಬಿದ್ರೆ ತಾಗೋ ಭಾರಿ ಏಟು) ಹೊಡೆದೇ ಇಲ್ಲ. ಕವಡೆ ಸಮ ಅಲ್ಲ ಅನ್ನೋದು ಬೇರೆ ಮಾತು.

ಸರಿಯಾದ ದಾರಿ: ಐದು ಕವಡೆಗೆ ಬೇರೆ ಬೇರೆ ಬಣ್ಣ, ಒಂದೊಂದಕ್ಕೆ 1, 2, 4, 8, 16 ಬೆಲೆ, ಬಾಯಿ ಮೇಲೆ ಬಂದಿದ್ದನ್ನ ಕೂಡಿಸಿ ಒಂದು ಸೇರ್ಸಿ, 20 ದಾಟಿದ್ರೆ ಮತ್ತೆ ಹಾಕಿ. ನಾವು ಹುಬ್ಬಳ್ಳಿ ಹಾಸ್ಟೆಲಲ್ಲಿ ಇದ್ದಾಗ ಕ್ಯಾಸಿಯೋ ಸೈಂಟಿಫಿಕ್ ಕ್ಯಾಲ್ಕುಲೇಟರ್ ಬಳಸ್ತಿದ್ವಿ, ಅದರಲ್ಲಿ ರ್‍ಯಾಂಡಮ್ ಬಟನ್ ಒತ್ತಿದ್ರೆ 0.000ರಿಂದ 0.999ವರೆಗೆ ಬರುತ್ತೆ, 20ರಿಂದ ಗುಣಿಸಿ 1 ಕೂಡಿಸಿ ದಶಮಾಂಶ ಬಿಟ್ಬಿಡಿ. ವಾರ್ಡನ್ ಬಂದ್ರೆ ಓದ್ತಾ ಇದೀವಿ ಅನ್ನೋಕೂ ಆಗ್ತಿತ್ತು.

ಅಘನಾಶಿನಿ_ದಂಡೆ

ಹತ್ತು ಲಕ್ಷ 😭 ಅದಕ್ಕೇ ಆ ಓಗರ್ ರಾಕ್ಷಸ ಸಾಯ್ಲೇ ಇಲ್ಲ

ಕೈಗಾ_ಕಾಲೊನಿ · ಮಲ್ಲಾಪುರ, ಈಗ ಪುಣೆ

ದಾಳ ಸಿಗದೇ ಇದ್ದೋರಿಗೆ 1975ರಲ್ಲೇ ಕೆನ್ ಸೇಂಟ್ ಆಂಡ್ರೆ ಟನಲ್ಸ್ ಅಂಡ್ ಟ್ರೋಲ್ಸ್ ಅಂತ ಬರ್ದಿದ್ದ, ಮಾಮೂಲಿ ಆರು ಮುಖದ ದಾಳ ಸಾಕು. ನಮ್ಮ ಕಾಲೊನಿಲಿ ಅದನ್ನೂ ಆಡಿದೀವಿ, ಅಪ್ಪಂದಿರು ದೇಶದ ಮೂಲೆ ಮೂಲೆಯಿಂದ ಬಂದೋರು, ಒಬ್ಬೊಬ್ಬನ ಮನೇಲಿ ಒಂದೊಂದು ವಿಚಿತ್ರ ಪುಸ್ತಕ.

ಆದ್ರೆ ಮಾಣಿ ಸಾರ್ ವಾದ ನಂಗೆ ಪೂರ್ತಿ ಒಪ್ಪಿಗೆ ಇಲ್ಲ. ಸಾವೊಂದೇ ಅಲ್ಲ, ಹಳೇ ಆಟದ ಅಸಲಿ ಗುಟ್ಟು ಚಿನ್ನಕ್ಕೆ ಎಕ್ಸ್‌ಪಿ (ಲೆವೆಲ್ ಏರೋಕೆ ಬೇಕಾದ ಅನುಭವದ ಅಂಕ). ಒಂದು ಚಿನ್ನದ ನಾಣ್ಯ ಹೊರಗೆ ತಂದ್ರೆ ಒಂದು ಎಕ್ಸ್‌ಪಿ, ರಾಕ್ಷಸನ್ನ ಕೊಂದ್ರೆ ಸಿಗೋದು ಚಿಲ್ಲರೆ. ಒಂದು ಗಾಬ್ಲಿನ್‌ಗೆ 5 ಎಕ್ಸ್‌ಪಿ, ಫೈಟರ್ ಎರಡನೇ ಲೆವೆಲ್‌ಗೆ ಹೋಗ್ಬೇಕಂದ್ರೆ 2000 ಬೇಕು. ಯಾರಿಗೆ ಬೇಕು ಹೊಡೆದಾಟ? ಹಾಗಾಗಿ ನಾವು ಕಳ್ಳರ ಥರ ಆಡ್ತಿದ್ವಿ, ಗಾಬ್ಲಿನ್ ಜೊತೆ ಮಾತಾಡು, ಲಂಚ ಕೊಡು, ಅವುಗಳ ಯಜಮಾನನ ಮೇಲೆ ಎತ್ತಿಕಟ್ಟು, ಹಿಂಬಾಗಿಲಿಂದ ಪೆಟ್ಟಿಗೆ ಹೊತ್ಕೊಂಡು ಓಡು. ಹೊಸ ಎಡಿಷನ್‌ಗಳಲ್ಲಿ ಎಕ್ಸ್‌ಪಿ ಹೆಚ್ಚಾಗಿ ಹೊಡೆದಾಟಕ್ಕೇ ಬಂದಿದ್ರಿಂದ ಎಲ್ರೂ ಹೊಡೆದಾಡ್ತಾರೆ, ಹೊಡೆದಾಡಿದ್ರೆ ಸಾಯ್ತಾರೆ, ಸತ್ರೆ ಬೇಜಾರು ಮಾಡ್ಕೋತಾರೆ, ಅದಕ್ಕೇ ಸಾಯದೇ ಇರೋ ಹಾಗೆ ರೂಲ್ಸ್ ಮಾಡಿದ್ರು. ತಪ್ಪು ಹುಡುಗರದ್ದಲ್ಲ.

ದೊಂದಿ ನೆನಪಿದೆಯಾ? ಒಂದು ದೊಂದಿ ಆರು ಟರ್ನ್, ಅಂದ್ರೆ ಒಂದು ಗಂಟೆ. ಎರಡು ಟರ್ನ್‌ಗೊಮ್ಮೆ ಡಿಎಮ್ ಡಿ6 ಹಾಕೋದು, 1 ಬಿದ್ರೆ ಯಾವುದೋ ಪ್ರಾಣಿ ಓಡಾಡ್ತಾ ಬಂತು ಅಂತ. ಆ ದಾಳದ ಸದ್ದು ಕೇಳಿದ್ರೆ ಹೊಟ್ಟೆ ತೊಳೆಸೋದು.

ಮೆತ್ತಿನಮನೆ_ಮಾಣಿ

ಕೈಗಾ, ಇದು ಪಾಯಿಂಟು. ನಮ್ಮನೇಲಿ ದೊಂದಿ ಲೆಕ್ಕ ಇಡೋಕೆ ಸುಲಿದ ಅಡಿಕೆನೇ ಸಾಲಾಗಿ ಇಟ್ಟು ಒಂದೊಂದೇ ತೆಗೀತಿದ್ವಿ. ಆಯಿ ಬಂದು ಬಾಚ್ಕೊಂಡು ಬುಟ್ಟಿಗೆ ಹಾಕಿಬಿಡ್ತಿದ್ರು, ಹಾಗೆ ಒಂದು ಸಲ ಇಡೀ ಗುಂಪು ಗುಹೆ ನಡುವೆ ಕತ್ತಲಲ್ಲಿ ನಿಂತಿತ್ತು.

ಇಡಗುಂಜಿ_ಎಕ್ಸ್‌ಪ್ರೆಸ್ · ಹೊನ್ನಾವರ

ನಾನು ಆಡಿದ್ದು ಕಡಿಮೆ, ಕೇಳಿದ್ದು ಜಾಸ್ತಿ. ಅಣ್ಣಂದಿರು ಆಡ್ತಿದ್ರೆ ಅಜ್ಜ ಜಗಲಿಲಿ ಕವಳ ಹಾಕ್ತಾ ಕೂತು ಇದೆಂತ ತಾಳಮದ್ದಳೆಯನ್ರೋ ಅಂತಿದ್ರು. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಒಬ್ಬ ರಾಜ ಒಬ್ಬ ರಾಕ್ಷಸ, ಮಾತು ಅಲ್ಲಲ್ಲೇ ಹುಟ್ಟೋದು. ಡಿಎಮ್ ಅಂದ್ರೆ ಭಾಗವತ ಅಲ್ವಾ? ಪದ್ಯ ಎತ್ಕೊಟ್ಟು ಸುಮ್ನಾಗ್ತಾನೆ, ಅರ್ಥಧಾರಿಗಳು ಮುಂದುವರಿಸ್ತಾರೆ.

ಲೆಕ್ಕದ_ಮಾಸ್ತರು

ಈ ಮಾತು ಎಲ್ರೂ ಹೇಳ್ತಾರೆ, ಕೇಳೋಕೆ ಚಂದ, ಆದ್ರೆ ಅರ್ಧ ಮಾತ್ರ ಸರಿ. ಕೃಷ್ಣ ಸಂಧಾನದಲ್ಲಿ ಅರ್ಥಧಾರಿ ಎಷ್ಟೇ ಘಟಾನುಘಟಿ ಆದ್ರೂ ಸಂಧಾನ ಮುರೀಲೇಬೇಕು, ಕೌರವ ಒಪ್ಕೊಂಡು ಐದು ಊರು ಕೊಟ್ಬಿಟ್ರೆ ಭಾಗವತ್ರು ತಾಳ ಕೆಳಗಿಟ್ಟು ಮನೆಗೆ ಹೋಗ್ಬೇಕಾಗುತ್ತೆ. ಡಿ ಅಂಡ್ ಡಿಲಿ ಕೌರವ ಒಪ್ಪಬೋದು! 2ಡಿ6 ರಿಯಾಕ್ಷನ್ ರೋಲ್ (ಎದುರಿನವ ಹೇಗೆ ನಡ್ಕೋತಾನೆ ಅಂತ ಆರು ಮುಖದ ಎರಡು ದಾಳ ಹಾಕಿ ಕೂಡ್ಸೋದು), 12 ಬಿತ್ತು ಅಂದ್ರೆ ಎದುರಿಗೆ ಬಂದ ರಾಕ್ಷಸ ಸ್ನೇಹಿತ. ಡಿಎಮ್‌ಗೂ ಗೊತ್ತಿರಲ್ಲ ಮುಂದೆ ಎಂತ ಅಂತ.

ಇಡಗುಂಜಿ_ಎಕ್ಸ್‌ಪ್ರೆಸ್

ಮಾಸ್ತರೇ ನೀವು ಒಳ್ಳೇ ತಾಳಮದ್ದಳೆ ಕೇಳಿಲ್ಲ ಹಾಗಾದ್ರೆ. ಕಥೆ ಗೊತ್ತಿದ್ರೂ ಮಾತು ಎಲ್ಲಿಗೆ ಹೋಗುತ್ತೆ ಅಂತ ಯಾರಿಗೂ ಗೊತ್ತಿರಲ್ಲ, ವಾಲಿ ಬಿದ್ದ ಮೇಲೆ ರಾಮನ್ನ ಕೇಳೋ ಪ್ರಶ್ನೆಗೆ ಎದುರಿನ ಕಲಾವಿದ ಬೆವರೊರೆಸ್ಕೊಂಡಿದ್ದು ನೋಡಿದೀನಿ. ದಾಳ ಇಲ್ದೆನೇ ಸೋಲು ಗೆಲುವು ಇದೆ ಅಲ್ಲಿ.

ಲೆಕ್ಕದ_ಮಾಸ್ತರು

ಅದು ಒಪ್ಪಿದೆ. ಆದ್ರೂ ವಾಲಿ ಎದ್ದು ಹೋಗಲ್ಲ.

ಕುಮಟಾ_ಕೂಸು · ಕುಮಟಾ

ಎಲ್ಲ ಗಂಡುಮಕ್ಳು ಸೇರಿ ಹಳೇದು ಬಂಗಾರ ಅಂತ ಹಾಡ್ತಾ ಇದೀರಿ, ಚೂರು ತಡೀರಿ.

ನಾನು ಆಡಿದ್ದು ಅಡ್ವಾನ್ಸ್‌ಡ್ ಡಿ ಅಂಡ್ ಡಿ, ಫಸ್ಟ್ ಎಡಿಷನ್, ಕಸಿನ್ ಮುಂಬೈ ಫುಟ್‌ಪಾತಿಂದ ತಂದಿದ್ದು. 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್. ಅದರಲ್ಲಿ ಮನುಷ್ಯ ಜಾತಿಯ ಗಂಡು ಫೈಟರ್‌ಗೆ ಸ್ಟ್ರೆಂತ್ 18/00ವರೆಗೆ (18 ಬಿದ್ಮೇಲೆ ನೂರರ ಲೆಕ್ಕದ ಇನ್ನೊಂದು ದಾಳ, 00 ಅಂದ್ರೆ 100) ಹೋಗ್ಬೋದು, ಹೆಣ್ಣಿಗೆ 18/50ಕ್ಕೆ ಸ್ಟಾಪ್. ಟೇಬಲ್‌ನಲ್ಲೇ ಪ್ರಿಂಟಾಗಿದೆ. ಡ್ರಾಗನ್ ಬೆಂಕಿ ಉಗುಳ್ಬೋದು, ಗೋಡೆ ದಾಟಿ ಹೋಗೋ ಮಂತ್ರ ಇದೆ, ಹೆಂಗಸಿಗೆ ಶಕ್ತಿ ಜಾಸ್ತಿ ಇರೋದು ಮಾತ್ರ ನಂಬೋಕಾಗಲ್ವಂತೆ! ನನ್ನ ಪಾತ್ರಕ್ಕೆ 18/76 ಬಿದ್ದಿತ್ತು, ಡಿಎಮ್ ಆಗಿದ್ದ ಕಸಿನ್ ರೂಲ್ ತೋರ್ಸಿ 50ಕ್ಕೆ ಇಳ್ಸಿದ. ನಾ ನಾಲ್ಕು ದಿನ ಅವನ ಹತ್ರ ಮಾತಾಡ್ಲಿಲ್ಲ, ಐದನೇ ದಿನ ಅವನೇ ಬಂದು ಪೆನ್ಸಿಲಲ್ಲಿ ಆ ಸಾಲು ಹೊಡೆದು ಹಾಕ್ದ. ಟಿಎಸ್‌ಆರ್‌ನವ್ರು ಅದನ್ನ ತೆಗೆದಿದ್ದು 1989ರ ಸೆಕೆಂಡ್ ಎಡಿಷನ್‌ಲ್ಲಿ.

ಹಳೇ ಆಟ ನಂಗೂ ಇಷ್ಟಾನೇ, ನಿಮ್ಗಿಂತ ಜಾಸ್ತಿ ಆಡಿರ್ಬೋದು. ಆದ್ರೆ ಅದ್ರಲ್ಲಿ ಚೆನ್ನಾಗಿದ್ದಿದ್ದು ಎಷ್ಟೋ ಪುಸ್ತಕದ್ದಲ್ಲ, ಪುಸ್ತಕನ ನಾವು ಹೊಡೆದು ಹಾಕಿದ್ದು.

ಬೈತಖೋಲ್_ಬೋಟು

👏👏 18/76 ಬಿದ್ಮೇಲೆ ಇಳ್ಸೋದಾ, ನಾನಾಗಿದ್ರೆ ಪುಸ್ತಕನೇ ಸಮುದ್ರಕ್ಕೆ ಎಸೀತಿದ್ದೆ

ಡಿ20_ದೇವಬಾಗ · ಕಾರವಾರ

ನಾನು ಚಿಕ್ಕವ್ನು ಇಲ್ಲಿ, 5ನೇ ಎಡಿಷನ್ ಹುಡುಗ, ಸ್ಟ್ರೇಂಜರ್ ಥಿಂಗ್ಸ್ ನೋಡಿ ಬಂದೋರಲ್ಲಿ ಒಬ್ಬ ಅಂತ ಬೈಕೊಳ್ಳಿ ಪರ್ವಾಗಿಲ್ಲ. ಮಾಣಿ ಸಾರ್, ನಿಮ್ಮ ಅಕ್ಕನ ಮಗನ ಪರವಾಗಿ ಹೇಳ್ತೀನಿ. ನಿಮಗೆ ಅಡಿಕೆ ಸುಲಿಯೋ ಕಾಲದಲ್ಲಿ ದಿನಾ ರಾತ್ರಿ ಆಡೋಕೆ ಟೈಮ್ ಇತ್ತು, ಸತ್ರೆ ಹತ್ತು ನಿಮಿಷದಲ್ಲಿ ಹೊಸ ಫೈಟರ್. ನಾವು ಐದು ಜನ ಐದು ಊರಲ್ಲಿ, ತಿಂಗಳಿಗೊಂದು ಸಲ ವಿಡಿಯೋ ಕಾಲ್‌ಲಿ ಸಿಗೋದು, ಅದ್ರಲ್ಲೂ ಒಬ್ಬನ ನೆಟ್ ಹೋಗುತ್ತೆ. ಅಂಥದ್ರಲ್ಲಿ ಮೊದಲನೇ ಗಂಟೆಲೇ ವಿಷದ ಸೂಜಿ ಚುಚ್ಚಿ ಸತ್ರೆ ಆ ತಿಂಗಳು ಪೂರ್ತಿ ಅವ್ನು ಏನ್ ಮಾಡ್ಬೇಕು, ಮ್ಯೂಟ್ ಹಾಕ್ಕೊಂಡು ನಮ್ಮನ್ನ ನೋಡ್ತಾ ಕೂರ್ಬೇಕಾ?

ಮತ್ತೆ ಥ್ಯಾಕೊ ಅಂದ್ರೆ ಏನು ಅಂತ ಯಾರಾದ್ರೂ ಮನುಷ್ಯರಿಗೆ ಅರ್ಥ ಆಗೋ ಹಾಗೆ ಹೇಳಿ, ಎಲ್ರೂ ಅದರ ಹೆಸ್ರು ಹೇಳಿ ನಗ್ತಾರೆ, ಯಾರೂ ವಿವರಿಸಲ್ಲ.

ಲೆಕ್ಕದ_ಮಾಸ್ತರು

ಬಾ ತಮಾ ಕೂತ್ಕೋ. ಆಗ ಆರ್ಮರ್ ಕ್ಲಾಸ್ ಕಡಿಮೆ ಇದ್ದಷ್ಟೂ ಗಟ್ಟಿ. ಬರೀ ಮೈ ಅಂದ್ರೆ 10, ಕಬ್ಬಿಣದ ಕವಚ ಮತ್ತು ಗುರಾಣಿ 2, ಸೊನ್ನೆ ಇನ್ನೂ ಗಟ್ಟಿ, ಮೈನಸ್ 10 ಅಂದ್ರೆ ಮುಟ್ಟೋ ಹಾಗೇ ಇಲ್ಲ. ಆರ್ಮರ್ ಕ್ಲಾಸ್ ಸೊನ್ನೆ ಇರೋನಿಗೆ ಏಟು ತಾಗಿಸೋಕೆ ಡಿ20ಲಿ ನಿಂಗೆ ಎಷ್ಟು ಬೇಕೋ ಅದೇ ನಿನ್ನ ಥ್ಯಾಕೊ. ಒಂದನೇ ಲೆವೆಲ್ ಫೈಟರ್‌ಗೆ 20. ಎದುರಿನವನ ಆರ್ಮರ್ 5 ಇದ್ರೆ 20ರಲ್ಲಿ 5 ಕಳಿ, 15 ಬಿದ್ರೆ ತಾಗ್ತು. ಎದುರಿನವಂದು ಮೈನಸ್ 3 ಇದ್ರೆ 20ರಲ್ಲಿ ಮೈನಸ್ 3 ಕಳಿ, ಅಂದ್ರೆ 23. ಇಲ್ಲಿಗೆ ಬಂದಾಗ ಎಂಟನೇ ಕ್ಲಾಸಿನ ಹುಡುಗ್ರು ಅಳ್ತಿದ್ರು. 2000ದಲ್ಲಿ ಮೂರನೇ ಎಡಿಷನ್ ಬಂದಾಗ ಎಲ್ಲ ತಿರುಗಿಸಿ ಹೆಚ್ಚಿದ್ದಷ್ಟೂ ಗಟ್ಟಿ ಅಂತ ಮಾಡಿದ್ರು.

ನಾನು ಹೇಳೋದು ಥ್ಯಾಕೊ ಕಷ್ಟ ಅಲ್ಲ, ಹಿಂದು ಮುಂದಾಗಿದೆ ಅಷ್ಟೇ. ನನ್ನ ಪುಣ್ಯಕ್ಕೆ ನೆಗೆಟಿವ್ ಸಂಖ್ಯೆ ಕಳಿಯೋದನ್ನ ನಾನು ಕಲಿತಿದ್ದೇ ಅದರಿಂದ.

ಡಿ20_ದೇವಬಾಗ

ಅರ್ಥ ಆಯ್ತು, ಥ್ಯಾಂಕ್ಸ್ ಸಾರ್. ಬೇಡ ಅನ್ನೋದೂ ಅರ್ಥ ಆಯ್ತು.

ಮೆತ್ತಿನಮನೆ_ಮಾಣಿ

ದೇವಬಾಗ, ನಿನ್ನ ಮಾತಲ್ಲಿ ನ್ಯಾಯ ಇದೆ ಮಾರಾಯ. ತಿಂಗಳಿಗೊಂದು ಸಲ ಅಂದ್ರೆ ಕಷ್ಟನೇ. ಆದ್ರೆ ನಮ್ಮಲ್ಲಿ ಸತ್ತವ ಸುಮ್ನೆ ಕೂರ್ತಿರ್ಲಿಲ್ಲ, ಸತ್ತ ತಕ್ಷಣ ಅವನೇ ಮುಂದಿನ ಗಾಬ್ಲಿನ್. ಡಿಎಮ್ ಕಿವಿಲಿ ಹೇಳ್ಬಿಡ್ತಿದ್ದ, ಇನ್ನು ನೀನು ಅವರ ಕಡೆ ಅಂತ. ಸತ್ತವನಿಗೆ ನಮ್ಮ ಪ್ಲಾನೆಲ್ಲ ಗೊತ್ತಿರ್ತಿತ್ತಲ್ಲ, ಆ ಗಾಬ್ಲಿನ್ ಎಷ್ಟು ಹುಷಾರಾಗಿರ್ತಿದ್ವು ಅಂದ್ರೆ! ಇದು ಪುಸ್ತಕದಲ್ಲಿಲ್ಲ. ಕುಮಟಾ ತಂಗಿ ಹೇಳಿದ್ದು ಇದನ್ನೇ ಅನ್ಸುತ್ತೆ.

ಕೈಗಾ_ಕಾಲೊನಿ

ಕೆಂಪು ಪೆಟ್ಟಿಗೆ ಅಂದ್ರೆ ಅಲೀನಾನ ಯಾರೂ ನೆನೆಸ್ಲೇ ಇಲ್ವಲ್ಲ. ಆಟಗಾರರ ಪುಸ್ತಕದ ಶುರುಲೇ ಒಬ್ಬನೇ ಓದ್ಕೊಂಡು ಆಡೋ ಕಥೆ ಇದೆ, ಗುಹೆಲಿ ಅಲೀನಾ ಅಂತ ಕ್ಲೆರಿಕ್ (ದೇವರ ಮಂತ್ರ ಹೇಳೋ ಪಾತ್ರ) ಸಿಗ್ತಾಳೆ, ಗಾಯಕ್ಕೆ ಮದ್ದು ಮಾಡ್ತಾಳೆ, ಆಟದ ರೂಲ್ಸನ್ನೂ ಅವಳ ಬಾಯಲ್ಲೇ ಹೇಳಿಸ್ತಾರೆ. ಒಂಥರಾ ಇಷ್ಟ ಆಗೋಕೆ ಶುರುವಾಗಿರುತ್ತೆ. ಅಷ್ಟೊತ್ತಿಗೆ ಬಾರ್ಗಲ್ ಅನ್ನೋ ಮಾಂತ್ರಿಕ ಬೆಳಕಿನ ಬಾಣ ಬಿಟ್ಟು ಕೊಂದ್ಬಿಡ್ತಾನೆ. ನೀವು ಏನೇ ಮಾಡಿದ್ರೂ ಅವಳು ಉಳಿಯಲ್ಲ. ನಮ್ಮ ಕಾಲೊನಿಲಿ ಒಬ್ಬ ಹುಡುಗ ಆ ಪುಟದಲ್ಲಿ ಬಾಲ್‌ಪೆನ್ನಲ್ಲಿ ಬಾರ್ಗಲ್ ಹೆಸ್ರು ಸುತ್ತ ಗೀಚಿ ಗೀಚಿ ಕಾಗದ ತೂತು ಮಾಡಿದ್ದ, ಹಿಂದಿನ ಪುಟದಲ್ಲಿ ಬಾಗಿಲು ತೆಗಿಯೋ ರೂಲ್ ಹೋಯ್ತು. ಆಮೇಲೆ ನಮ್ಮಲ್ಲಿ ಬಾಗಿಲು ಹೇಗೆ ತೆಗಿಯೋದು ಅನ್ನೋದು ಬರೀ ಬಾಯಿಮಾತಿನ ಸಂಪ್ರದಾಯ.

ಮೆತ್ತಿನಮನೆ_ಮಾಣಿ

ಅಲೀನಾ!! ಬೆಳಗಿನ ಜಾವ ಎಂತಕ್ಕೆ ನೆನಪು ಮಾಡ್ದೆ ಮಾರಾಯ

ಮಿರ್ಜಾನ್_ಕೋಟೆ · ಕುಮಟಾ ತಾಲೂಕು

ಓದ್ತಾ ಇದ್ದೆ, ಈಗ ಬರೀಲೇಬೇಕು ಅನ್ಸ್ತು. ನಮ್ಮ ಗುಂಪು ಪುಸ್ತಕದ ಮ್ಯಾಪ್ ಆಡಿದ್ದು ಕಡಿಮೆ, ಮಿರ್ಜಾನ್ ಕೋಟೆನೇ ಡಂಜನ್ ಮಾಡ್ಕೊಂಡಿದ್ವಿ. ಸೈಕಲ್ ಹೊಡ್ಕೊಂಡು ಹೋಗಿ ಹೆಜ್ಜೆಲಿ ಅಳೆದು ಫಿಸಿಕ್ಸ್ ಪ್ರಾಕ್ಟಿಕಲ್‌ನ ಗ್ರಾಫ್ ಹಾಳೆ ಮೇಲೆ ಬರ್ದಿದ್ದು. ಆಗ ಈಗಿನ ಥರ ಹುಲ್ಲು ಕತ್ತರಿಸಿ ನೀಟಾಗಿ ಇರ್ಲಿಲ್ಲ, ಪೂರ್ತಿ ಕಾಡು, ಪುರಾತತ್ವದವ್ರು ಅಗೆದಿದ್ದು ಆಮೇಲೆ. ಚಿರೇಕಲ್ಲಿನ ಗೋಡೆ, ಸುತ್ತ ಕಂದಕ, ಒಳಗೆ ಬಾವಿ, ಬಾವಿಗೆ ಇಳಿಯೋ ದಾರಿ. ಈ ಆಟ ಹುಟ್ಟಿಸಿದೋರಲ್ಲಿ ಒಬ್ಬನಾದ ಗ್ಯಾರಿ ಗೈಗ್ಯಾಕ್ಸ್ ಬಂದು ನೋಡಿದ್ರೆ ಅಲ್ಲೇ ಮನೆ ಮಾಡ್ತಿದ್ದ.

ನಮ್ಮ ಆಟದಲ್ಲಿ ಚಿನ್ನ ಇರ್ಲಿಲ್ಲ, ಕಾಳುಮೆಣಸು. ಗೇರುಸೊಪ್ಪೆ ಚೆನ್ನಭೈರಾದೇವಿನ ಪೋರ್ಚುಗೀಸರು ಮೆಣಸಿನ ರಾಣಿ ಅಂತಿದ್ರಲ್ಲ, ಅವಳ ಉಗ್ರಾಣದಿಂದ ಮೆಣಸು ಕದ್ದು ಅಘನಾಶಿನಿಲಿ ದೋಣಿ ಹತ್ತಿಸ್ಬೇಕು, ಅದೇ ಎಕ್ಸ್‌ಪಿ. ಇದರಿಂದ ಒಂದು ಮಜಾ ಆಯ್ತು ನೋಡಿ. ಹಳೇ ರೂಲ್ಸಲ್ಲಿ ತೂಕ ಲೆಕ್ಕ ಹಾಕೋದೇ ನಾಣ್ಯದಲ್ಲಿ, ಹತ್ತು ನಾಣ್ಯ ಒಂದು ಪೌಂಡು, ಒಬ್ಬ 1600 ನಾಣ್ಯದ ತೂಕಕ್ಕಿಂತ ಹೆಚ್ಚು ಹೊರೋ ಹಾಗಿಲ್ಲ. ಚಿನ್ನ ಆದ್ರೆ ಹೇಗೋ ಜೇಬಿಗೆ ತುಂಬ್ಕೋಬೋದು. ಮೆಣಸಿನ ಮೂಟೆ ಹೊತ್ಕೊಂಡು ಕತ್ತಿ ಹಿಡಿಯೋಕಾಗಲ್ಲ, ಓಡೋಕಾಗಲ್ಲ, ಮಳೆಗೆ ನೆನೆದ್ರೆ ಬೂಷ್ಟು ಬಂದು ಅರ್ಧ ಎಕ್ಸ್‌ಪಿ. ಕಾವಲುಗಾರ ಬಂದ ಅಂದ್ರೆ ಪ್ರತಿಯೊಬ್ಬನೂ ಯೋಚ್ನೆ ಮಾಡ್ಬೇಕು, ಮೂಟೆ ಬಿಡ್ಲಾ ಪ್ರಾಣ ಬಿಡ್ಲಾ ಅಂತ. ಬಿಟ್ಟೋರು ಕಡಿಮೆ, ಕುಮಟಾದವ್ರಲ್ವಾ.

ಒಬ್ಬ ಮಾತ್ರ ಕೊನೆಗೆ ಕಳ್ಳತನ ಬಿಟ್ಟು ರಾಣಿ ಹತ್ರನೇ ಕೆಲಸಕ್ಕೆ ಸೇರ್ಕೊಂಡ. ರಿಯಾಕ್ಷನ್ ರೋಲ್ 12 ಬಿದ್ದಿತ್ತು. ಅಲ್ಲಿಂದ ಮುಂದೆ ಅವನು ನಮ್ಮನ್ನ ಹಿಡಿಯೋ ಕಡೆ. ಮಾಸ್ತರು ಮೇಲೆ ಹೇಳಿದ್ರಲ್ಲ ಕೌರವ ಒಪ್ಪಬೋದು ಅಂತ, ಒಪ್ದ.

ಕುಮಟಾ_ಕೂಸು

ನಾನು ಅಲ್ಲೇ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿ ಕೂತು ಕಸಿನ್ ಜೊತೆ 18/50ಕ್ಕೆ ಜಗಳ ಆಡ್ತಿದ್ದೆ, ನೀವು ಮೆಣಸು ಕದೀತಿದ್ರಾ?! ಆ ಮ್ಯಾಪ್ ಇದೆಯಾ ಇನ್ನೂ?

ಮಿರ್ಜಾನ್_ಕೋಟೆ

ಇದೆ ಅಕ್ಕ, ಎರಡು ಹಾಳೆ ಗೆದ್ದಲು ತಿಂದಿದೆ, ಉಳಿದಿದ್ದು ಸ್ಕ್ಯಾನ್ ಮಾಡ್ತೀನಿ. ಪಶ್ಚಿಮದ ಗೋಡೆ ಹೋಗಿದೆ.

ಡಿ20_ದೇವಬಾಗ

ಇದನ್ನ ಸರಿಯಾಗಿ ಬರ್ದು ಪಿಡಿಎಫ್ ಮಾಡಿ ಸಾರ್ ಪ್ಲೀಸ್. ಲೈಸೆನ್ಸ್ ಚಿಂತೆನೂ ಇಲ್ಲ, ಈಗ ಡಿ ಅಂಡ್ ಡಿ ಮಾಡೋ ವಿಝರ್ಡ್ಸ್ ಆಫ್ ದ ಕೋಸ್ಟ್‌ನವ್ರು 2023ರ ಜನವರಿಲಿ 5ನೇ ಎಡಿಷನ್‌ನ ಮೂಲ ರೂಲ್ಸನ್ನ ಕ್ರಿಯೇಟಿವ್ ಕಾಮನ್ಸ್‌ಗೆ ಹಾಕಿದಾರೆ, ಯಾರು ಬೇಕಾದ್ರೂ ಅದರ ಮೇಲೆ ಬರ್ದು ಮಾರ್ಬೋದು, ಕನ್ನಡದಲ್ಲೂ. ಮೂಟೆ ಹೊತ್ತು ಓಡೋ ರೂಲ್ ಇದ್ರೆ ನಾನು 5ನೇ ಎಡಿಷನ್ ಬಿಟ್ಟು ಬರ್ತೀನಿ.

ಕೈಗಾ_ಕಾಲೊನಿ

5ನೇದು ಯಾಕೆ, ಹಳೇ ರೂಲ್ಸೇ ಬೇಕಂದ್ರೆ ಬೇಸಿಕ್ ಫ್ಯಾಂಟಸಿ ಅಂತ ಇದೆ, ಪಿಡಿಎಫ್ ಪುಕ್ಕಟೆ. ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್ ಅಂತ 2019ರಲ್ಲಿ ಬಂತು, 1981ರ ರೂಲ್ಸನ್ನೇ ಹುಡುಕೋಕೆ ಸುಲಭ ಆಗೋ ಹಾಗೆ ಜೋಡಿಸಿದ್ದು. ಅದರಲ್ಲಿ ಥ್ಯಾಕೊ ಬೇಡ ಅಂದ್ರೆ ಹೊಸ ಥರ ಕೂಡಿಸೋ ಲೆಕ್ಕನೂ ಇದೆ, ದೇವಬಾಗ ಹೆದರ್ಬೇಡ.

ಮೆತ್ತಿನಮನೆ_ಮಾಣಿ

ಸರಿ ಹಾಗಾದ್ರೆ ಆಡೋಣ. ಕುಮಟಾ ಎಲ್ರಿಗೂ ನಡುವೆ ಆಗುತ್ತೆ, ಕಾರವಾರದವ್ರು ರೈಲಿಗೆ ಬನ್ನಿ, ನಾನು ದೇವಿಮನೆ ಘಾಟ್ ಇಳ್ಕೊಂಡು ಬರ್ತೀನಿ ರಸ್ತೆ ಬಿಟ್ಟಿದ್ರೆ. ಮಿರ್ಜಾನ್ ಅವ್ರು ಡಿಎಮ್, ಮೆಣಸಿನ ಆಟ. ಅಕ್ಕನ ಮಗನ್ನೂ ಕರ್ಕೊಂಡು ಬರ್ತೀನಿ, ಮಚ್ಚೆ ಇರೋ ಪಾತ್ರ ಮನೇಲೇ ಬಿಟ್ಟು ಬಾ ಅಂತ ಹೇಳಿದೀನಿ.

ಮಿರ್ಜಾನ್_ಕೋಟೆ

ಡಿಎಮ್ ಓಕೆ. ಷರತ್ತು ಈಗ್ಲೇ ಹೇಳ್ಬಿಡ್ತೀನಿ, ಆಮೇಲೆ ಜಗಳ ಬೇಡ. ಪಾತ್ರದ ಒಂದೊಂದು ಗುಣಕ್ಕೂ 3ಡಿ6, ಸಾಲಾಗಿ ಬಿದ್ದಿದ್ದು ಬಿದ್ದ ಹಾಗೆ, ಅದಲು ಬದಲು ಇಲ್ಲ. ಸೊನ್ನೆ ಅಂದ್ರೆ ಸಾವು. ಸತ್ತೋರು ರಾಣಿ ಕಡೆ ಕಾವಲುಗಾರರು (ಮಾಣಿ ಸಾರ್ ಐಡಿಯಾ ಕದ್ದೆ). ಹೆಣ್ಣು ಪಾತ್ರಕ್ಕೆ ಯಾವ ಮಿತಿನೂ ಇಲ್ಲ.

ಕುಮಟಾ_ಕೂಸು

ಕೊನೇದಕ್ಕೆ ಧನ್ಯವಾದ. ಮಧ್ಯಾಹ್ನದ ಊಟ ನಮ್ಮನೇಲಿ, ಅಪ್ಪೆಹುಳಿ ಮಾಡಿಸ್ತೀನಿ.

ಬೈತಖೋಲ್_ಬೋಟು

ಸಾಲಾಗಿನಾ?? ಇಂಟೆಲಿಜೆನ್ಸ್ 4 ಬಿದ್ರೆ ಏನ್ ಮಾಡ್ಲಿ ನಾನು

ಲೆಕ್ಕದ_ಮಾಸ್ತರು

ಫೈಟರ್ ಆಗು. ಮೂಟೆ ಹೊರೋಕೆ ಯಾರಾದ್ರೂ ಬೇಕಲ್ಲ.

ಇನ್ನೊಂದು, ಸ್ಲೀಪ್ ಮಂತ್ರ ಹೇಗೆ? ಬೇಸಿಕ್‌ನಲ್ಲಿ 2ಡಿ8 ಹಿಟ್ ಡೈಸ್‌ನಷ್ಟು (ಹಿಟ್ ಡೈಸ್ ಅಂದ್ರೆ ಎದುರಿನವರ ಬಲದ ಲೆಕ್ಕ) ಜನ ಮಲಗ್ತಾರೆ, ಸೇವಿಂಗ್ ಥ್ರೋನೇ ಇಲ್ಲ. ಉಗ್ರಾಣದ ಕಾವಲುಗಾರರೆಲ್ಲ ಒಂದೇ ಸಲಕ್ಕೆ ಢಂ ಅಂತ ಬಿದ್ರೆ ಆಟ ಅರ್ಧ ಗಂಟೆಲಿ ಮುಗೀತು.

ಮಿರ್ಜಾನ್_ಕೋಟೆ

ಮಲಗ್ಲಿ ಮಾಸ್ತರೇ. ಮೂಟೆ ಹೊತ್ಕೊಂಡು ಅವರ ಮೈ ಮೇಲೆ ದಾಟಿ ಹೋಗ್ಬೇಕಲ್ಲ, ಒಬ್ಬೊಬ್ಬನ್ನ ದಾಟೋಕೂ ಒಂದು ಡಿ6 ಹಾಕಿಸ್ತೀನಿ, ಎಡವಿ ಬಿದ್ರೆ ಮೆಣಸು ಚೆಲ್ಲಿ ಎಲ್ರೂ ಸೀನ್ತಾ ಏಳ್ತಾರೆ.

ಲೆಕ್ಕದ_ಮಾಸ್ತರು

ಇದು ಯಾವ ಪುಸ್ತಕದಲ್ಲಿದೆ?

ಕುಮಟಾ_ಕೂಸು

ಪೆನ್ಸಿಲಲ್ಲಿ ಬರ್ಕೊಳ್ಳಿ ಮಾಸ್ತರೇ. ದಾಳ ಯಾರು ತರ್ತೀರಿ, ಅದು ಮೊದ್ಲು ಹೇಳಿ. ಕವಡೆ ಬೇಡ.